ಒಂದು ಮೊಣಕಾಲು, ಒಂದು ಫೈನಲ್

ಚಿಂಚೋಳಿ ತಾಲೂಕಿನ ಐನಾಪುರದ ಕಡೆ ತೊಗರಿ ರಾಶಿ ಮುಗಿಯುವ ಹೊತ್ತಿಗೆ ಹುಡುಗರಿಗೆ ಕಬಡ್ಡಿಯ ಗುಂಗು ಹತ್ತುತ್ತದೆ. ಎರೆಮಣ್ಣಿನ ಮೇಲೆ ನೇರವಾಗಿ ಆಡಲಾಗುವುದಿಲ್ಲ. ಒಣಗಿದರೆ ಬಿರಿಯುತ್ತದೆ, ಹಸಿಯಾದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ತಂದು ಹರವಿ, ನೀರು ಚಿಮುಕಿಸಿ, ಗಟ್ಟಿ ಮಾಡಿ, ಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಅಂಥದೊಂದು ಅಂಕಣದ ಬದಿಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಶಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿದು ಬಂದವರು, ಒಂದು ಕಾಲಕ್ಕೆ ಎಡ ಕಾರ್ನರಿನಲ್ಲಿ ನಿಂತು ಕಣಕಾಲು ಹಿಡಿಯುವುದರಲ್ಲಿ ಹೆಸರು ಮಾಡಿದವರು. ಇನ್ನೊಬ್ಬ ಊರಿನ ತಂಡ ಕಟ್ಟಿಕೊಂಡು ಓಡಾಡುವ ಯುವಕ. ಮರುದಿನ ಫೈನಲ್. ತಂಡದ ಮುಖ್ಯ ರೈಡರ್ ಸೆಮಿಫೈನಲ್ಲಿನಲ್ಲಿ ಮೊಣಕಾಲು ತಿರುಚಿಕೊಂಡು ಮನೆಯಲ್ಲಿ ಕೂತಿದ್ದ.

ಯುವಕ: ಕಾಕಾ, ನಾಳಿ ಅವನಿಲ್ಲದ ನಾವು ಇಳದ್ರ ಆಟ ಅಲ್ಲೇ ಮುಗೀತು ನೋಡ್ರಿ. ಸೆಮಿಫೈನಲ್‌ದಾಗ ನಮ್ಮ ಅಂಕದಾಗ ಅರ್ಧಕ್ಕಿಂತ ಜಾಸ್ತಿ ಅವನೊಬ್ಬನವೇ ಅವ.

ಹಿರಿಯ: ಅದು ತಂಡದ ಬಲಾ ಅಲ್ಲ ತಮ್ಮಾ, ತಂಡದ ಕೊರತಿ. ಮೊಣಕಾಲು ಹ್ಯಾಂಗದ ಈಗ?

ಯುವಕ: ಬಾವು ಜರಾ ಇಳದದ. ಐಸ್ ಇಟ್ಟೇವಿ, ಕ್ರೇಪ್ ಬ್ಯಾಂಡೇಜ್ ಸುತ್ತೇವಿ. ನಡೀತಾನ.

ಹಿರಿಯ: ನಡಿಯೋದು ಬ್ಯಾರೆ, ರೈಡ್ ಮಾಡೋದು ಬ್ಯಾರೆ. ಬಿದ್ದಾಗ ಒಳಗ ‘ಪಟ್’ ಅಂತ ಸಪ್ಪಳ ಆಯ್ತಂತೇನು?

ಯುವಕ: ಆಯ್ತಂತ್ರಿ.

ಹಿರಿಯ: ಬಾವು ಯಾವಾಗ ಬಂತು? ಅವತ್ತೇ ರಾತ್ರಿಯೋ, ಮರುದಿನ ಸಂಜಿಗೋ?

ಯುವಕ: ಮನೀಗಿ ಹೋಗೋದ್ರಾಗೇ ಊದಿತ್ತು.

ಹಿರಿಯರು ಕೆಲಹೊತ್ತು ಏನೂ ಹೇಳಲಿಲ್ಲ. ಸಪ್ಪಳ ಬಂದು, ಒಂದೆರಡು ತಾಸಿನಲ್ಲೇ ಮೊಣಕಾಲು ತುಂಬಿ ಊದಿದರೆ ಒಳಗಿನ ಲಿಗಮೆಂಟಿಗೆ ಏಟಾಗಿರುವ ಅನುಮಾನ ಬಲವಾಗಿರುತ್ತದೆ ಎಂಬುದು ಆಡಿದವರಿಗೆಲ್ಲ ಗೊತ್ತು. ಅದು ಗೊತ್ತಾಗಬೇಕಾದರೆ ಎಂಆರ್‌ಐ ಬೇಕು. ಅದಕ್ಕೆ ಕಲಬುರಗಿಗೆ ಹೋಗಬೇಕು. ಹೋಗಲು ಒಂದು ದಿನದ ಕೂಲಿ ಬಿಡಬೇಕು, ಮೇಲೆ ದುಡ್ಡೂ ಬೇಕು.

ಯುವಕ: ನೀವು ಮಾರಿ ಸಣ್ಣದು ಮಾಡ್ಕೋಬ್ಯಾಡ್ರಿ. ಒಬ್ಬ ಆಟಗಾರ ಒಂದು ಫೈನಲ್ ತಿರುಗಿಸಿ ಒಗೀತಾನ ಅನ್ನೋದಕ್ಕ ಸಾಕ್ಷಿ ಅದ. 2019ರ ಜನವರಿ 5ಕ್ಕ ಮುಂಬೈದಾಗ, ಪ್ರೊ ಕಬಡ್ಡಿ ಲೀಗ್‌ದಾಗ ನಮ್ಮ ಬೆಂಗಳೂರು ಬುಲ್ಸ್ ಫೈನಲ್. ಅರ್ಧ ಆಟಕ್ಕ ಗುಜರಾತ್ 16, ನಾವು 9. ಇಲ್ಲಿ ಟಿವಿ ಮುಂದ ಕೂತವರು ಎದ್ದು ಹೋಗಾಕ ನಿಂತಿದ್ರು. ಆದ್ರ ಆ ಆಟದಾಗ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. 38-33. ಕಪ್ ನಮ್ಮದು! ಅವತ್ತು ಅವನ್ನ ಕೂರಿಸಿದ್ರ ಏನಾಗ್ತಿತ್ತು?

ಹಿರಿಯ: ಅವತ್ತು ಅವನ ಮೊಣಕಾಲು ನೆಟ್ಟಗಿತ್ತು. ಕೂರಿಸೋ ಮಾತೇ ಇರಲಿಲ್ಲ. ಅದೇ ಪವನನ 2022ರ ಕತಿ ಹೇಳು ನೋಡೋಣ.

ಯುವಕ: ತಮಿಳ್ ತಲೈವಾಸ್ 2 ಕೋಟಿ 26 ಲಕ್ಷ ಕೊಟ್ಟು ತಗೊಂಡ್ರು. ಲೀಗ್‌ದಾಗ ಅಲ್ಲಿತನಕ ಅಷ್ಟು ರೊಕ್ಕ ಯಾರಿಗೂ ಬಂದಿರಲಿಲ್ಲ.

ಹಿರಿಯ: ಮೊದಲನೇ ಆಟದಾಗೇ, ಬೆಂಗಳೂರಿನ ಕಂಠೀರವದಾಗ, ಎದುರಾಳಿ ರೈಡರ್‌ನ ಹಿಡ್ಯಾಕ ಹೋಗಿ ಮೊಣಕಾಲು ಕೊಟ್ಟ. ಇಡೀ ಸೀಸನ್ ಹೊರಗ. ಎಲ್ಲಾರೂ ಅಂದ್ರು ತಲೈವಾಸ್ ಮುಗೀತು ಅಂತ. ಏನಾಯ್ತು?

ಯುವಕ: ಸೆಮಿಫೈನಲ್‌ಗೆ ಹೋದ್ರು.

ಹಿರಿಯ: ಅವರು ಸೆಮಿಫೈನಲ್ ಮುಟ್ಟಿದ್ದೇ ಅದೇ ಮೊದಲ ಸಲ. ನರೇಂದರ್ ಅಂತ ಹೊಸ ಹುಡುಗ, ಹೆಸರೇ ಕೇಳಿರಲಿಲ್ಲ ನಾವು, ಅವ ಎದ್ದು ನಿಂತ. ಮುಂದಿನ ಸೀಸನ್‌ಗ ಪವನ್ ಆರಾಮಾಗಿ ತೆಲುಗು ಟೈಟನ್ಸ್‌ಗ ಬಂದ, 2 ಕೋಟಿ 60 ಲಕ್ಷದ ಮ್ಯಾಲ. ಆ ವರ್ಷ ಟೈಟನ್ಸ್ ಎಷ್ಟನೇದು?

ಯುವಕ: ಕೊನೇದು.

ಹಿರಿಯ: ಮತ್ತ? ಪವನ್ ಇಲ್ಲದ ತಂಡ ನಾಲ್ಕರೊಳಗ, ಪವನ್ ಇದ್ದ ತಂಡ ತಳಕ್ಕ.

ಯುವಕ: ನೀವು ಆ ಎರಡು ವರ್ಷ ಅಷ್ಟೇ ಹಿಡ್ಕೊಂಡ್ರಿ. 2019ರ ಅಕ್ಟೋಬರ್ 2ಕ್ಕ ಹರಿಯಾಣ ಮ್ಯಾಲ ಒಂದೇ ಆಟದಾಗ 39 ರೈಡ್ ಅಂಕ ತಗೊಂಡಾನ ಅವ. ಆ ಸೀಸನ್‌ದಾಗ ಬುಲ್ಸ್ ಸೆಮಿಫೈನಲ್ ಮುಟ್ಟಿದ್ದು ಯಾರಿಂದ? ದೊಡ್ಡ ರೈಡರ್ ಇದ್ರ ಎದುರಿನವರ ಡಿಫೆನ್ಸ್ ನಿಲ್ಲೋ ರೀತಿನೇ ಬದಲಾಗ್ತದ. ಕಾರ್ನರ್‌ದವರು ಒಂದು ಹೆಜ್ಜಿ ಹಿಂದ ಸರೀತಾರ, ಕವರ್‌ದವರು ಮುಂದ ಬರಾಕ ಅಂಜ್ತಾರ. ಅದರಿಂದ ನಮ್ಮ ಎರಡನೇ ರೈಡರ್‌ಗ ಬೋನಸ್ ಸಿಗ್ತದ. ಇದು ನಿಮಗ ಗೊತ್ತಿಲ್ಲೇನು? ನೀವೇ ಕಾರ್ನರ್ ಆಡಿದವರು.

ಹಿರಿಯ: ಗೊತ್ತದ, ಖರೆ. ಆದ್ರ ಕಾರ್ನರ್ ಆಡಿದವಗ ಇನ್ನೊಂದೂ ಗೊತ್ತದ. ರೈಡರ್ ಯಾವ ಕಾಲಿಗಿ ಅಂಜ್ತಾನ ಅನ್ನೋದು ಅವನ ಮೊದಲ ರೈಡ್‌ದಾಗೇ ಕಾಣ್ತದ. ನೆಲಕ್ಕ ಪಾದ ಊರೋ ಮುಂಚೆ ಒಂದು ಕ್ಷಣ ತಡೀತಾನ. ನಾನು ಆ ಕಾಲನ್ನೇ ಹಿಡೀತಿದ್ದೆ.

ಯುವಕ: ಗಾಯ ಆಗಿದ್ದು ಗೊತ್ತಿದ್ದೂ?

ಹಿರಿಯ: ಗೊತ್ತಿದ್ದೂ. ಆಟ ಅಂದ್ರ ಅದೇ. ಆಂಕಲ್ ಹೋಲ್ಡ್ ಬಿದ್ದಾಗ ಪಾದ ನಿಂತಲ್ಲೇ ನಿಲ್ತದ, ರೈಡರ್ ಮೈ ಗೆರಿ ಕಡಿಗಿ ತಿರುಗ್ತದ. ಆ ತಿರುವಿನ ಭಾರ ಎಲ್ಲಾ ಮೊಣಕಾಲಿನ ಮ್ಯಾಲ. ಬ್ಯಾಂಡೇಜ್ ಬಾವು ತಡೀತದ, ತಿರುವು ತಡಿಯಂಗಿಲ್ಲ. ನಾಳಿ ಎದುರಿನ ತಂಡದಾಗ ನನ್ನಂಥವ ಒಬ್ಬ ಇದ್ದೇ ಇರ್ತಾನ.

ಈ ಮಾತಿಗೆ ಯುವಕ ಕೂಡಲೇ ಉತ್ತರ ಕೊಡಲಿಲ್ಲ. ಎದುರಿನ ತಂಡದ ಎಡ ಕಾರ್ನರ್ ಯಾರೆಂದು ಅವನಿಗೆ ಗೊತ್ತಿತ್ತು. ಚಿತ್ತಾಪುರದ ಕಡೆಯ ಆ ಹುಡುಗನ ಹಿಡಿತ ಅವನೂ ಕಂಡಿದ್ದ. ಆದರೆ ಅವನ ಹತ್ತಿರ ಬೇರೆ ಲೆಕ್ಕವಿತ್ತು.

ಯುವಕ: ಫಾರ್ಮ್ ಅನ್ನೋದು ಒಂದು ಅದರೀ ಕಾಕಾ. ತಂಡ ಒಂದು ಹವಾದಾಗ ಇರ್ತದ. ಅದು ಮುರಿದ್ರ ಮತ್ತ ಬರಂಗಿಲ್ಲ. 2024ರ ಅಕ್ಟೋಬರ್‌ದಾಗ ಹೈದರಾಬಾದ್ ಗಚ್ಚಿಬೌಲಿಗಿ ಹೋಗಿದ್ವಿ, ಬುಲ್ಸ್ ಮೊದಲನೇ ಆಟಕ್ಕ. ನಮಗ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಸುತ್ತಲೂ ಟೈಟನ್ಸ್ ಮಂದಿ, ನಡುವ ನಾವು ನಾಕೈದು ಮಂದಿ ‘ಫುಲ್ ಚಾರ್ಜ್ ಮಗಾ’ ಅಂತ ಒದರಿದ್ದೇ ಒದರಿದ್ದು. 37-29ಕ್ಕ ಸೋತ್ವಿ. ಅವತ್ತು ಹೋದ ಹವಾ ಸೀಸನ್ ಪೂರಾ ತಿರುಗಿ ಬರಲಿಲ್ಲ. 22 ಆಟದಾಗ ಗೆದ್ದಿದ್ದು ಎರಡು.

ಹಿರಿಯ: ಅವತ್ತು ನಿಮ್ಮ ಕ್ಯಾಪ್ಟನ್ ಯಾರು?

ಯುವಕ: ಪರ್‌ದೀಪ್ ನರವಾಲ್.

ಹಿರಿಯ: ಲೀಗ್‌ದಾಗ ಅವನಷ್ಟು ರೈಡ್ ಅಂಕ ಇನ್ನೊಬ್ಬ ತಗೊಂಡಿಲ್ಲ. 1801. ಅಂಥವ ಇದ್ದೂ ಹನ್ನೆರಡನೇ ಸ್ಥಾನ. ಮುಂದಿನ ಹರಾಜಿನಾಗ ಅವನ್ನ ಒಬ್ಬರೂ ತಗೊಳ್ಳಲಿಲ್ಲ, ಅವ ಆಟಾನೇ ಬಿಟ್ಟ. ಹವಾ ಹೋಗಿದ್ದಲ್ಲ ತಮ್ಮಾ. ಹೆಸರು ನೋಡಿ ತಂಡ ಕಟ್ಟಿದ್ರು, ಅಷ್ಟೇ.

ಯುವಕ: ಅದನ್ನ ಒಪ್ತೀನಿ. ಅದಕ್ಕೇ 2025ರಾಗ ಬಿ.ಸಿ. ರಮೇಶ್ ಸರ್ ಬಂದು ಎಲ್ಲಾ ಹೊಸದಾಗಿ ಕಟ್ಟಿದ್ರು. ಕರ್ನಾಟಕದವರು, ಅರ್ಜುನ ಪ್ರಶಸ್ತಿ ತಗೊಂಡವರು. 2019ಕ್ಕ ಬೆಂಗಾಲ್ ವಾರಿಯರ್ಸ್‌ಗೆ, 2024ಕ್ಕ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟ ಕೋಚ್. ದೊಡ್ಡ ಹೆಸರಿನ ರೈಡರ್ ಒಬ್ಬನೂ ಇಲ್ಲ. ಯೋಗೇಶ್ ಕ್ಯಾಪ್ಟನ್, ಡಿಫೆಂಡರ್ ಅವ. ಇರಾನಿನ ಅಲಿರೆಝಾ ಮಿರ್ಝಾಯಿಯನ್ ರೈಡಿಗಿ. ಮೊದಲ ಮೂರು ಆಟ ಸೋತ್ರು, ಆಮ್ಯಾಲ ಎದ್ದ್ರು ನೋಡ್ರಿ, ಲೀಗ್ ಮುಗಿಯೋದ್ರಾಗ ಮೂರನೇ ಸ್ಥಾನ! ಹಿಂದಿನ ವರ್ಷದ ಕೊನೇ ತಂಡ ಅದು.

ಹಿರಿಯ: ನೀ ಈಗ ನನ್ನ ಮಾತೇ ಆಡ್ಲಿಕತ್ತಿ. ಒಬ್ಬ ಹೋದ್ರೂ ತಂಡ ನಿಲ್ಲೂಹಂಗ ಕಟ್ಟಬೇಕು ಅಂತ ನಾ ಹೇಳ್ತಿರೋದು.

ಯುವಕ: ಕೇಳ್ರಿ ಪೂರಾ. ಮೂರನೇ ಸ್ಥಾನ ತಗೊಂಡು ಪ್ಲೇಆಫ್‌ಗೆ ಹೋದ್ರು. ಅಲ್ಲಿ ಟೈಟನ್ಸ್ ಮ್ಯಾಲ 37-32, ಸೋಲು. ಇನ್ನೊಂದು ಅವಕಾಶ ಸಿಕ್ಕಿತು, ಪಟ್ನಾ ಮ್ಯಾಲ 46-37, ಮತ್ತ ಸೋಲು. ಯಾಕ? ಪಟ್ನಾಕ್ಕ ಅಯಾನ್ ಅನ್ನೋ ರೈಡರ್ ಇದ್ದ. ಬಿಕ್ಕಟ್ಟಿನಾಗ, ಡೂ ಆರ್ ಡೈ ರೈಡ್‌ದಾಗ, ಹೋಗಿ ತಗೊಂಡೇ ಬರ್ತೀನಿ ಅನ್ನೋ ಒಬ್ಬ ಬೇಕು ಕಾಕಾ. ಲೀಗ್ ತಂಡದಿಂದ ಗೆಲ್ತದ. ಫೈನಲ್ ಒಬ್ಬನಿಂದ ಗೆಲ್ತದ.

ಈ ಮಾತಿನಲ್ಲಿ ಹುರುಳಿದೆ, ಇದನ್ನು ಬರೆಯುತ್ತಿರುವ ನಾನೂ ಒಪ್ಪುತ್ತೇನೆ. 2015ರ ಫೈನಲ್ಲಿನಲ್ಲಿ ಬುಲ್ಸ್ ಯು ಮುಂಬಾ ಎದುರು 36-30ಕ್ಕೆ ಸೋತದ್ದನ್ನೂ 2019ರಲ್ಲಿ ಗೆದ್ದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಕೊನೆಯ ಹತ್ತು ನಿಮಿಷದಲ್ಲಿ ಒಬ್ಬ ರೈಡರನ ಬೆಲೆ ಎಷ್ಟೆಂದು ತಿಳಿಯುತ್ತದೆ. ಆದರೆ ಆ ಒಬ್ಬನ ಹಿಂದೆ ಯಾರಿರುತ್ತಾರೆ ಎಂಬ ಪ್ರಶ್ನೆಯನ್ನು ಹಿರಿಯರು ಬಿಡಲಿಲ್ಲ.

ಹಿರಿಯ: ಪವನ್ ಮೊಣಕಾಲು ಹೋದಾಗ ದೊಡ್ಡ ಡಾಕ್ಟರ್ ನೋಡಿದ್ರು, ಫಿಜಿಯೋ ಇದ್ರು, ಒಂದು ವರ್ಷ ಕೂತು ಉಣ್ಣೋ ತಾಕತ್ತಿತ್ತು. ಮುಂದಿನ ವರ್ಷ ಮತ್ತ ಕೋಟಿ ಮ್ಯಾಲ ಬಂದ. ನಮ್ಮ ಹುಡುಗ ಏನ್ ಕೆಲಸ ಮಾಡ್ತಾನ?

ಯುವಕ: ಕಲ್ಲು ಲೋಡಿಂಗ್. ಶಹಾಬಾದ್ ಕಡಿ.

ಹಿರಿಯ: ಫರ್ಸಿ ಎತ್ತಬೇಕಾದ್ರ ಎದಕ್ಕ ಭಾರ ಬೀಳ್ತದ? ಕುಂತು ಏಳಬೇಕು, ಎದ್ದು ಲಾರಿ ತನಕ ನಡೀಬೇಕು. ನಾ ಇಪ್ಪತ್ತು ವರ್ಷ ಮಾಡೀನಿ. ಅಲ್ಲಿ ಒಂದು ಪದ್ಧತಿ ಅದ, ಕಲ್ಲಿನ ಮ್ಯಾಲ ಸುತ್ತಗಿಲೆ ಸಣ್ಣಗ ಬಡದು ಸಪ್ಪಳ ಕೇಳ್ತೇವಿ. ಒಳಗ ಕೂದಲೆಳಿಯಷ್ಟು ಬಿರುಕಿದ್ರೂ ಸಪ್ಪಳ ಬ್ಯಾರೆ ಬರ್ತದ. ಮ್ಯಾಲ ನೋಡಿದ್ರ ಕಲ್ಲು ಛಂದನೇ ಇರ್ತದ. ಎತ್ತಿ ಇಡೋದ್ರಾಗ ಎರಡು ತುಂಡು. ಅವನ ಮೊಣಕಾಲು ಅದೇ ಥರ ಅದ ಈಗ. ಲಿಗಮೆಂಟ್ ಪೂರಾ ಹರಿದ್ರ ಆಪರೇಷನ್ನು, ಆಮ್ಯಾಲ ಆರರಿಂದ ಒಂಬತ್ತು ತಿಂಗಳು. ಅಷ್ಟು ದಿನ ಅವನ ಮನಿ ಯಾರು ನಡಿಸ್ತಾರ? ನಾವು ಗೆದ್ದ ಕಪ್ ನಡಿಸ್ತದೇನು?

ಯುವಕ: ನಾ ಅವಗ ಒತ್ತಾಯ ಮಾಡಿಲ್ಲ ಕಾಕಾ. ಅವನೇ ಆಡ್ತೀನಿ ಅಂತಾನ. ನಿನ್ನಿ ರಾತ್ರಿ ನಾ ಬ್ಯಾಡ ಅಂದಾಗ ಅವನ ಕಣ್ಣಾಗ ನೀರು ಬಂತು. ಅವನ ಇಡೀ ವರ್ಷದಾಗ ಮಂದಿ ಅವನ ಹೆಸರು ಕೂಗೋದು ಈ ಒಂದು ದಿನ. ಗಣಿಯಾಗ ಯಾರು ಕೂಗ್ತಾರ? ಅದನ್ನ ಕಸ್ಕೊಳ್ಳಾಕ ನಾ ಯಾರು, ನೀವ್ಯಾರು?

ಹಿರಿಯ: ಅದು ಖರೆ ಮಾತು.

ಯುವಕ: ನೀವು ಆಡಿದ್ರಿ, ನಿಮ್ಮ ಹೆಸರು ಈಗೂ ಹೇಳ್ತಾರ. ಅವಗೂ ಅದು ಬೇಕು. ಮ್ಯಾಲ ತಾಲೂಕಿನ ಮಂದಿ ನೋಡಾಕ ಬರ್ತಾರ. ಯಾರಾದ್ರೂ ನೋಡಿ ಜಿಲ್ಲಾ ತಂಡಕ್ಕ ಕರದ್ರ? ಪೊಲೀಸ್ ನೇಮಕಾತಿಯಾಗ ಆಟಗಾರರಿಗಿ ಮೀಸಲು ಅದ, ರೈಲ್ವೇದಾಗ ಅದ.

ಹಿರಿಯ: ಊರಿನ ಆಟದ ಸರ್ಟಿಫಿಕೇಟ್ ಹಿಡ್ಕೊಂಡು ಹೋದ್ರ ಯಾವ ಕೋಟಾದಾಗೂ ನಿಂದ್ರಂಗಿಲ್ಲ ಅದು. ರಾಜ್ಯದ ಮಟ್ಟ ಮುಟ್ಟಬೇಕು. ಅಲ್ಲಿಗಿ ಹೋಗಬೇಕಾದ್ರ ಎರಡು ಮೊಣಕಾಲೂ ಬೇಕು. ನೀ ಹೇಳೋ ಆಸೆನೇ ಅವನ್ನ ನಾಳಿ ಕೂರಿಸಾಕ ಕಾರಣ ಆಗ್ಬೇಕು.

ಯುವಕ: ಕೂತ್ರ ನೋಡೋರು ಯಾರು?

ಹಿರಿಯ: ಮುಂದಿನ ವರ್ಷ ನೋಡ್ತಾರ.

ಯುವಕ: ನಮ್ಮ ಕಡಿ ಹುಡುಗರಿಗಿ ಮುಂದಿನ ವರ್ಷ ಅನ್ನೋದು ಗ್ಯಾರಂಟಿ ಇಲ್ರಿ. ಪುಣೆಗೋ, ಹೈದರಾಬಾದಿಗೋ ದುಡ್ಯಾಕ ಹೋದ್ರ ಮುಗೀತು. ನಮ್ಮ ತಂಡದಾಗ ಹೋದ ವರ್ಷ ಇದ್ದವರಾಗ ಅರ್ಧ ಮಂದಿ ಈಗ ಊರಾಗಿಲ್ಲ. ಅದಕ್ಕ ಅಂತೀನಿ, ಇವತ್ತಿನ ಫೈನಲ್ ಇವತ್ತೇ ಆಡ್ಬೇಕು.

ಹಿರಿಯರ ಬಳಿ ಇದಕ್ಕೆ ಸಿದ್ಧ ಉತ್ತರವಿರಲಿಲ್ಲ. ಸೇಡಂ, ವಾಡಿ, ಶಹಾಬಾದಿನ ಸುತ್ತ ಸಿಮೆಂಟಿಗೂ ಕಲ್ಲಿಗೂ ಕೊರತೆಯಿಲ್ಲ, ಆದರೂ ಊರೂರಿನಿಂದ ಹುಡುಗರು ಹೊರಟು ಹೋಗುತ್ತಾರೆ. ಕಬಡ್ಡಿ ತಂಡವೊಂದು ಮೂರು ವರ್ಷ ಒಟ್ಟಿಗೆ ಉಳಿದರೆ ಅದೇ ದೊಡ್ಡದು. ಅಂಥ ಕಡೆ ಆಟಗಾರನನ್ನು ಜೋಪಾನ ಮಾಡಿ ಬೆಳೆಸು ಎನ್ನುವ ಬುದ್ಧಿಮಾತಿಗೆ ಕಾಲೂರಲು ನೆಲ ಕಡಿಮೆ.

ಯುವಕ: ಇನ್ನೊಂದು ಹೇಳ್ತೀನಿ. 2025ರ ಜೂನ್‌ದಾಗ ಮುಂಬೈದಾಗ ರಗ್ಬಿ ಲೀಗ್ ಆಯ್ತು, ಆರು ತಂಡ. ಬೆಂಗಳೂರಿಂದೊಂದು, ಹೈದರಾಬಾದಿಂದೊಂದು. ಕಪ್ ಚೆನ್ನೈಗೆ ಹೋಯ್ತು. ಮೊಬೈಲ್‌ದಾಗ ನೋಡಿದ್ವಿ. ಏಳೇಳು ಮಂದಿ, ನಮ್ಮಂಗೇ. ಓಡೋನ್ನ ಹಿಡ್ದು ಕೆಡವಬೇಕು. ಅವರೇನು ಪೆಟ್ಟಿಗಿ ಅಂಜ್ತಾರೇನು? ರಕ್ತ ಬಂದ್ರೂ ಪಟ್ಟಿ ಕಟ್ಕೊಂಡು ಬರ್ತಾರ.

ಹಿರಿಯ: ಆ ಆಟದಾಗ ತಲಿಗಿ ಪೆಟ್ಟು ಬಿದ್ದ ಅನುಮಾನ ಬಂದ್ರ ಏನ್ ಮಾಡ್ತಾರ? ನನ್ನ ಮೊಮ್ಮಗ ಹೈದರಾಬಾದಿನಾಗ ಆಡ್ತಾನ, ಅವ ಹೇಳಿದ್ದ.

ಯುವಕ: ಹೊರಗ ಕರೀತಾರ. ಡಾಕ್ಟರ್ ಪರೀಕ್ಷಿ ಮಾಡ್ತಾರ.

ಹಿರಿಯ: ಡಾಕ್ಟರ್ ಬ್ಯಾಡ ಅಂದ್ರ?

ಯುವಕ: ಮತ್ತ ಒಳಗ ಬರಂಗಿಲ್ಲ.

ಹಿರಿಯ: ಆಟಗಾರ ನಾ ಆರಾಮ ಅದೀನಿ ಅಂದ್ರ? ಕೋಚ್ ಬಿಡ್ರಿ ಅವನ್ನ ಅಂದ್ರ?

ಯುವಕ: ನಡಿಯಂಗಿಲ್ಲ.

ಹಿರಿಯ: ಹಾಂ. ಪೆಟ್ಟು ತಿಂದವ ಆಡ್ತೀನಿ ಅಂತಲೇ ಅಂತಾನ. ಕಪ್ ಬೇಕಾದವ ಆಡಲಿ ಅಂತಲೇ ಅಂತಾನ. ಇಬ್ಬರದೂ ತಪ್ಪಲ್ಲ. ಅದಕ್ಕೇ ಆ ಮಾತು ಇಬ್ಬರ ಕೈಯಾಗೂ ಬಿಟ್ಟಿಲ್ಲ ಅವರು. ನಮ್ಮ ಕಡಿ ಆ ಮೂರನೇದವ ಯಾರು?

ಯುವಕ: ನಮ್ಮಲ್ಲಿ ಡಾಕ್ಟರ್ ಎಲ್ಲಿಂದ ತರೋಣ ಕಾಕಾ? ಅಂಕಣಕ್ಕ ಕೆಮ್ಮಣ್ಣು ಹಾಕ್ಸಾಕೇ ಮನಿ ಮನಿ ತಿರುಗೀವಿ.

ಹಿರಿಯ: ಲೈಟಿಗಿ, ಮೈಕಿಗಿ, ಪೆಂಡಾಲಿಗಿ ರೊಕ್ಕ ಕೂಡ್ತು. ಮೊದಲನೇ ಬಹುಮಾನಕ್ಕೂ ಕೂಡ್ತು. ಅದರಾಗ ಒಂದು ಪಾಲು ತೆಗೆದು ಪೆಟ್ಟಾದವನ ಎಂಆರ್‌ಐಗ ಇಡಬಹುದಿತ್ತು. ಯಾರೂ ಕೇಳಲಿಲ್ಲ. ನಾನೂ ಕಮಿಟಿಯವರಿಗಿ ಇದನ್ನ ಹೇಳಾಕ ಹೋದ್ರ, ‘ಮುಂದಿನ ಸಲ ನೋಡೋಣ’ ಅಂದ್ರು.

ಯುವಕ: ಅದು ಮಾಡ್ಬೇಕು. ನಾ ಖುದ್ದ ನಿಂತು ಮಾಡಿಸ್ತೀನಿ. ಆದ್ರ ಅದು ನಾಳಿಗಿ ಆಗೋ ಕೆಲಸಲ್ಲ. ನಾಳಿ ಒಂದು ದಾರಿ ಅದ, ಕೇಳ್ರಿ. ಮೊದಲ ಅರ್ಧ ಅವನ್ನ ಇಳಿಸೋದೇ ಬ್ಯಾಡ. ಕೊನೇ ಐದು ನಿಮಿಷಕ್ಕ, ಆಟ ಸಮ ಇದ್ರ, ಡೂ ಆರ್ ಡೈ ಬಂದ್ರ, ಆ ಒಂದೋ ಎರಡೋ ರೈಡಿಗಿ ಅಷ್ಟೇ.

ಹಿರಿಯ: ಡೂ ಆರ್ ಡೈದಾಗೇ ಎಲ್ಲಾರೂ ಮ್ಯಾಲ ಬೀಳ್ತಾರ. ಬರಿಗೈಲೆ ತಿರುಗಿ ಬರೋ ರೈಡ್ ಅಲ್ಲ ಅದು. ಮೂವತ್ತು ಸೆಕೆಂಡಿನಾಗ ಅಂಕ ತರಲೇಬೇಕು, ಇಲ್ಲಾಂದ್ರ ರೈಡರ್ ಔಟ್. ಕೂತು ಮೈ ತಣ್ಣಗಾದವನ್ನ ಎಬ್ಬಿಸಿ ಅದಕ್ಕ ಕಳಸ್ತೀಯೇನು? ಕಳಸೋದಾದ್ರ ಮೊದಲಿಂದ ಕಳಸು, ಇಲ್ಲಾಂದ್ರ ಬಿಲ್ಕುಲ್ ಬ್ಯಾಡ.

ಯುವಕ: ಹಂಗಾದ್ರ ನಿಮ್ಮ ಪ್ರಕಾರ ನಾಳಿ ಯಾರನ್ನ ಕಳಸೋಣ?

ಹಿರಿಯ: ಆ ಸಣ್ಣ ಹುಡುಗ, ಬಲಗಡಿಯಿಂದ ಹೋಗ್ತಾನಲ್ಲ, ಬೋನಸ್ ಗೆರಿ ಮ್ಯಾಲ ಕಾಲು ಚಲೋ ಇಡ್ತಾನ. ಹಿಂದಿನ ಕಾಲು ಎತ್ತೇ ಇಡ್ತಾನ, ಮರಿಯಂಗಿಲ್ಲ. ಅವನ್ನ ಮುಂದ ಮಾಡು. ನೀವು ಮೂರು ಮಂದಿ ಉಳದ್ರೂ ಅಂಜಬ್ಯಾಡ್ರಿ, ಆಗ ಹಿಡಿದ್ರ ಸೂಪರ್ ಟ್ಯಾಕಲ್, ಎರಡು ಅಂಕ. ನಿಮ್ಮ ಡಿಫೆನ್ಸ್ ಚಲೋ ಅದ. ಅಂಕ ಕಡಿಮಿ ಇರೋ ಆಟ ಆಡ್ರಿ. ಮೂವತ್ತು ದಾಟಲಿಕ್ಕೆ ಬಿಡಬ್ಯಾಡ್ರಿ.

ಯುವಕ: ಆ ಹುಡುಗಗ ಹದಿನೇಳು ವರ್ಷ. ಫೈನಲ್ ಮಂದಿ ನೋಡಿದ್ರ ಕಾಲು ನಡುಗ್ತಾವ ಅವಗ.

ಹಿರಿಯ: ನರೇಂದರ್‌ಗೂ ನಡುಗಿರಬೇಕು.

ಯುವಕ: ಅವ ಹರಿಯಾಣದಾಗ ದಿನಾ ಮ್ಯಾಟ್ ಮ್ಯಾಲ ಆಡಿ ಬೆಳದವ. ಇವ ವಾರಕ್ಕೊಮ್ಮಿ ಸಿಗ್ತಾನ. ಸೋತ್ರ ಊರವರು ಆ ಹುಡುಗನ್ನ ಬೈತಾರ, ಅದೂ ಒಂದು ಗಾಯನೇ ಅಲ್ಲೇನು?

ಹಿರಿಯ: ಅದು ಮಾಯ್ತದ.

ಯುವಕ: ನೀವು ಹಂಗಂತೀರಿ. ನಾ ಇಂಥ ಒಂದು ಆಟ ಸೋತು ಎರಡು ವರ್ಷ ಅಂಕಣಕ್ಕೇ ಬಾರದ ಹುಡುಗನ್ನ ನೋಡೀನಿ.

ಅಷ್ಟರಲ್ಲಿ ಸುಣ್ಣ ಹಾಕುವವರು ಮಧ್ಯದ ಗೆರೆ ಎಳೆದು ಮುಗಿಸಿ, ಬಾಕ್ ಲೈನ್ ಎಷ್ಟು ದೂರಕ್ಕೆ ಬರಬೇಕೆಂದು ಕೇಳಲು ಬಂದರು. ಹಿರಿಯರು ಎದ್ದು, ಟೇಪಿನ ಒಂದು ತುದಿ ಹಿಡಿದು ಅಳತೆ ಹೇಳಿಕೊಟ್ಟು ಬಂದು ಕೂತರು. ಮಾತು ಬಿಟ್ಟಲ್ಲಿಂದಲೇ ಮುಂದುವರಿಯಿತು.

ಹಿರಿಯ: ಒಂದು ಮಾಡೋಣ. ನಾಳಿ ಮುಂಜಾನಿ ಅವನ್ನ ಇಲ್ಲಿ ಕರ್ಕೊಂಡು ಬಾ. ಪೆಟ್ಟಾದ ಕಾಲಿನ ಮ್ಯಾಲ ಒಂಟಿಗಾಲಿಲೆ ಕುಪ್ಪಳಿಸಲಿ. ಆಮ್ಯಾಲ ಓಡಿ ಬಂದು ಒಮ್ಮಿಗೇ ಎಡಕ್ಕ ತಿರುಗಲಿ, ಬಲಕ್ಕ ತಿರುಗಲಿ. ಮೊಣಕಾಲು ಒಳಗ ಸರದಂಗ ಆದ್ರ ಮುಗೀತು, ಆಡೋದಿಲ್ಲ.

ಯುವಕ: ಆಗದೇ ಇದ್ರ?

ಹಿರಿಯ: ಆಗದೇ ಇದ್ರೂ ಎಂಆರ್‌ಐ ತೆಗಿಸೋತನಕ ಬ್ಯಾಡ ಅಂತ ನನ್ನ ಮನಸು. ಆದ್ರ ಆವಾಗ ನಾ ಅಡ್ಡ ಬರಂಗಿಲ್ಲ.

ಯುವಕ: ಅವ ನೋವಿನ ಗುಳಿಗಿ ನುಂಗಿ ಬಂದು ಕುಪ್ಪಳಿಸಿ ತೋರಿಸ್ತಾನ ಕಾಕಾ. ನನಗ ಅವನ ಗುಣ ಗೊತ್ತದ.

ಹಿರಿಯ: ಮತ್ತ ನೀ ಅದನ್ನ ತಡೀಬೇಕು. ಗುಳಿಗಿ, ಇಂಜೆಕ್ಷನ್ ಏನೂ ಇಲ್ಲದ ಬರಬೇಕು ಅಂತ ಹೇಳು. ನೋವು ಮುಚ್ಚಿದ್ರ ಏನೂ ತಿಳಿಯಂಗಿಲ್ಲ.

ಯುವಕ: ಹೇಳ್ತೀನಿ. ಆದ್ರ ನೋಡಿ ಹೇಳೋರು ಯಾರು? ನೀವು ಮೊದಲೇ ಬ್ಯಾಡ ಅಂತ ಕೂತವರು.

ಹಿರಿಯ: ನೀನೂ ಬ್ಯಾಡ. ನೀ ಮೊದಲೇ ಹೌದು ಅಂತ ಕೂತವ.

ಯುವಕ: ಹೈಸ್ಕೂಲಿನ ಪಿಟಿ ಮಾಸ್ತರ್‌ನ ಕರೀಲೇನು?

ಹಿರಿಯ: ಅವರು ಎದುರಿನ ತಂಡಕ್ಕ ನಾಳಿ ಕೋಚ್ ಅಲ್ಲೇನು?

ಯುವಕ: ಅಲ್ರಿ, ಅವರು ರೆಫರಿ.

ಹಿರಿಯ: ಆಗ್ತದ. ಅವರನ್ನ ಕರಿ. ಅವನ ಅವ್ವನ್ನೂ ಕರಿ.

ಯುವಕ: ಅವ್ವನ್ನ ಕರದ್ರ ಆಟ ಅಲ್ಲೇ ಮುಗೀತು.

ಹಿರಿಯ: ಯಾಕ? ಕೂಲಿ ಹೋದ್ರ ಮನಿ ನಡಸೋಕಿ ಆಕಿ. ಆಕಿ ಮಾತಿಗಿ ನಿನ್ನ ಮಾತಿಗಿಂತ ಬೆಲಿ ಇಲ್ಲೇನು?

ಯುವಕ: ಬೆಲಿ ಅದ. ಅದಕ್ಕೇ ಅಂಜಿಕಿ. ಆಕಿಗೆ ಇನ್ನೂ ಅವನ ಕಾಲಿಗಿ ಇಷ್ಟು ಪೆಟ್ಟಾಗ್ಯಾದ ಅಂತನೇ ಹೇಳಿಲ್ಲ ಅವ. ಹೊಲದಾಗ ಎಡವಿದೆ ಅಂದಾನ.

ಹಿರಿಯ: ಹಂಗಾದ್ರ ಇವತ್ತ ರಾತ್ರಿನೇ ನಾವಿಬ್ಬರೂ ಅವರ ಮನೀಗಿ ಹೋಗೋಣ, ಏಳು.

ಯುವಕ: ಬರ್ತೀನಿ. ಆದ್ರ ಅವ ಆಡ್ಲೇಬೇಕು ಅಂತ ನಾ ಅಲ್ಲೂ ಹೇಳ್ತೀನಿ ನೋಡ್ರಿ.

ಹಿರಿಯ: ಹೇಳು. ನಾನೂ ನನ್ನದು ಹೇಳ್ತೀನಿ.